ಭಾಭಾ ಅವರನ್ನು ತಾಯ್ನಾಡಿನಲ್ಲಿ ಉಳಿಸಿದ ಬೆಂಗಳೂರು

ಹುಬ್ಬಳ್ಳಿ: ಹೋಮಿ ಜಹಾಂಗೀರ್ ಭಾಭಾ ಎಂದೊಡನೆ ಅಣುಶಕ್ತಿ ನೆನಪಾಗುತ್ತದೆ. ಆದರೆ ಅವರಿಗೆ ಮೊದಲು ಕೀರ್ತಿ ತಂದದ್ದು ಆಗಸದಿಂದ ಎರಗುವ ವಿಶ್ವಕಿರಣಗಳ ಅಧ್ಯಯನ. ಆ ಅಧ್ಯಯನಕ್ಕೆ ಭಾರತದಲ್ಲಿ ನೆಲೆ ಒದಗಿಸಿದ್ದು ಬೆಂಗಳೂರು.

ಭಾಭಾ ಜನಿಸಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸಿರಿವಂತ ಪಾರ್ಸಿ ಕುಟುಂಬದಲ್ಲಿ. ಮಗ ಎಂಜಿನಿಯರ್ ಆಗಲೆಂಬ ತಂದೆಯ ಬಯಕೆಯಂತೆ ಕೇಂಬ್ರಿಜ್ ಸೇರಿದರಾದರೂ ಅವರ ಮನಸ್ಸು ಭೌತವಿಜ್ಞಾನದತ್ತ ಹೊರಳಿತು. 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆಗೂಡಿ ಅವರು ಮಂಡಿಸಿದ ಸಿದ್ಧಾಂತ ವಿಜ್ಞಾನಲೋಕದ ಗಮನ ಸೆಳೆಯಿತು. ಪ್ರಬಲ ಎಲೆಕ್ಟ್ರಾನೊಂದು ವಾಯುಮಂಡಲದಲ್ಲಿ ಗಾಮಾ ಕಿರಣವನ್ನು ಹೊಮ್ಮಿಸುತ್ತದೆ. ಆ ಕಿರಣ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗಿ ಮಾರ್ಪಡುತ್ತದೆ. ಅವುಗಳಿಂದ ಮತ್ತೆ ಗಾಮಾ ಕಿರಣಗಳು. ಹೀಗೆ ಒಂದೇ ಕಣ ಸಾವಿರಾರು ಕಣಗಳ ಮಳೆಯಾಗುವ ಬಗೆಯನ್ನು ಅವರು ಲೆಕ್ಕ ಹಾಕಿ ತೋರಿಸಿದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಗಿ, ಕೇಂಬ್ರಿಜ್‌ಗೆ ಮರಳುವ ದಾರಿ ಮುಚ್ಚಿತು. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾಭಾ ರೀಡರ್ ಆದರು. ದೊರಾಬ್ಜಿ ಟಾಟಾ ಟ್ರಸ್ಟ್ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಅಮೆರಿಕದ ಸೇನಾ ವಿಮಾನದಲ್ಲಿ ಉಪಕರಣಗಳನ್ನಿರಿಸಿ 30,000 ಅಡಿ ಎತ್ತರದಲ್ಲಿ ಕಿರಣಗಳನ್ನು ಅಳೆದರು. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ ಸಂದಿತು.

ಯುದ್ಧ ಮುಗಿದಾಗ ಹಿಂದಿರುಗುವ ಅವಕಾಶವಿತ್ತು. ಆದರೆ ಆ ಹೊತ್ತಿಗಾಗಲೇ ಅವರು ಇಲ್ಲಿಯೇ ಉಳಿಯಲು ನಿಶ್ಚಯಿಸಿದ್ದರು. 1944ರ ಮಾರ್ಚ್‌ನಲ್ಲಿ ಟ್ರಸ್ಟ್‌ಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಪ್ರತ್ಯೇಕ ಸಂಸ್ಥೆ ಬೇಕೆಂದು ಕೋರಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಕಾರ್ಯಾರಂಭ ಮಾಡಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು.

ಸಂಸ್ಥೆ ಮುಂಬಯಿಗೆ ಹೋದರೂ ಕರ್ನಾಟಕದ ನಂಟು ಕಡಿಯಲಿಲ್ಲ. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರಲ್ಲಿ ಉಪಕರಣದೊಂದಿಗೆ ಕೋಲಾರದ ಚಿನ್ನದ ಗಣಿಗೆ ಇಳಿದರು. 1965ರಲ್ಲಿ ಅದೇ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ವಿಶ್ವಕಿರಣಗಳು ವಾಯುಮಂಡಲದಲ್ಲಿ ಸೃಷ್ಟಿಸುವ ನ್ಯೂಟ್ರಿನೊಗಳ ಸುಳಿವು ದೊರೆಯಿತು. ಮರುವರ್ಷ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬಳಿ ಸಂಭವಿಸಿದ ವಿಮಾನ ದುರಂತದಲ್ಲಿ ಭಾಭಾ ಅಸುನೀಗಿದರು. ಆಗ ಅವರಿಗೆ 56 ವರ್ಷ.

ಈ ಕಿರಣಗಳ ಮೂಲ ಯಾವುದೆಂಬುದು ಅವರ ಕಾಲದಲ್ಲಿ ಖಚಿತವಾಗಿರಲಿಲ್ಲ. ಸ್ಫೋಟಗೊಂಡ ನಕ್ಷತ್ರಗಳ ಅವಶೇಷಗಳು ಪ್ರೋಟಾನುಗಳಿಗೆ ವೇಗ ತುಂಬುತ್ತವೆ ಎಂಬುದಕ್ಕೆ ಫರ್ಮಿ ಉಪಗ್ರಹ 2013ರಲ್ಲಿ ಪ್ರಬಲ ಪುರಾವೆ ನೀಡಿತು. ಅಂಥ ಅವಶೇಷಗಳ ಗಾಮಾ ಕಿರಣಗಳು ವಾಯುಮಂಡಲದಲ್ಲಿ ಎಬ್ಬಿಸುವ ಕಣಗಳ ಮಳೆ ಕ್ಷಣಿಕ ನೀಲಿ ಬೆಳಕನ್ನು ಬೀರುತ್ತದೆ. 2024ರಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಉದ್ಘಾಟನೆಗೊಂಡ 21 ಮೀಟರ್ ವ್ಯಾಸದ ದೂರದರ್ಶಕ ಹಿಡಿಯುವುದು ಈ ಬೆಳಕನ್ನೇ. ಅದನ್ನು ನಿರ್ಮಿಸಿದ್ದು ಭಾಭಾ ಹೆಸರಿನ ಅಣು ಸಂಶೋಧನಾ ಕೇಂದ್ರ. ಅದರ ಹಿಂದಿರುವುದು ಅವರು 1937ರಲ್ಲಿ ಹಾಕಿದ ಲೆಕ್ಕ.