ಜೇಡಗಳ ನಾಮಕಾರ ಪೋಕಾಕ್ ಮಹಾಶಯರು

ಗೋಡೆಯ ಮೂಲೆಯಲ್ಲಿ ಜೇಡವನ್ನು ಕಂಡೊಡನೆ ಪೊರಕೆಯನ್ನು ಅರಸುವವರೇ ನಮ್ಮಲ್ಲಿ ಹೆಚ್ಚು. ಅಂಗೈಯಗಲದ, ಮೈತುಂಬ ರೋಮವುಳ್ಳ ಟರಾಂಟುಲಾ ಜೇಡವಾದರಂತೂ ಹೇಳುವುದೇ ಬೇಡ. ಅಂತಹ ಜೇಡಗಳನ್ನು ತಾಳ್ಮೆಯಿಂದ ಪರೀಕ್ಷಿಸಿ ಹೆಸರಿಟ್ಟ ರೆಜಿನಾಲ್ಡ್ ಇನ್ನೆಸ್ ಪೋಕಾಕ್ ಎಂಬ ಆಂಗ್ಲ ವಿದ್ವಾಂಸರ ಜೀವನವನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಪೋಕಾಕರು 1863ನೆಯ ಇಸವಿ ಮಾರ್ಚ್ 4ರಂದು ಬ್ರಿಸ್ಟಲ್ ನಗರದ ಕ್ಲಿಫ್ಟನ್ನಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1885ರಲ್ಲಿ ಲಂಡನ್ನಿನ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಸಹಾಯಕರಾಗಿ ಸೇರಿದರು. ಕೆಲಕಾಲದಲ್ಲಿಯೇ ಜೇಡ, ಚೇಳು, ಸಾವಿರಕಾಲಿನ ಹುಳುಗಳ ವಿಭಾಗ ಅವರ ವಶಕ್ಕೆ ಬಂದಿತು. ಇತರರು ಹೇಸುವ ಈ ಪ್ರಾಣಿಗಳಲ್ಲಿ ಅವರು ತಮ್ಮ ಯೌವನದ ಹದಿನೆಂಟು ವರ್ಷಗಳನ್ನು ಕಳೆದರು.

ಭಾರತದಿಂದ ಹೋದ ಜೇಡಗಳು ಅವರ ಮೇಜಿನ ಮೇಲೆ ಮದ್ಯಸಾರದ ಸೀಸೆಗಳಲ್ಲಿ ಬಂದು ಕೂಡುತ್ತಿದ್ದವು. ಬಣ್ಣ, ಗಾತ್ರಗಳನ್ನಷ್ಟೇ ನೋಡಿ ಜಾತಿಯನ್ನು ನಿರ್ಣಯಿಸಲಾಗದು; ಸೀಸೆಯಲ್ಲಿ ಬಣ್ಣ ಮಾಸುತ್ತದೆ, ಎಳೆಯದಕ್ಕೂ ಬಲಿತದ್ದಕ್ಕೂ ಗಾತ್ರ ಬೇರೆ. ಆದುದರಿಂದ ಪೋಕಾಕರು ದವಡೆಯ ಮುಳ್ಳುರೋಮಗಳನ್ನೂ, ಕಾಲುಗಳ ರಚನೆಯನ್ನೂ, ಕಣ್ಣುಗಳ ಜೋಡಣೆಯನ್ನೂ ಮಸೂರದ ಅಡಿಯಲ್ಲಿ ಪರಿಶೀಲಿಸುತ್ತಿದ್ದರು. ಕೆಲವು ಜೇಡಗಳು ಈ ಮುಳ್ಳುರೋಮಗಳನ್ನು ಉಜ್ಜಿ ಸದ್ದು ಮಾಡುತ್ತವೆ. ಆ ವಾದ್ಯದ ರಚನೆಯೇ ವರ್ಗೀಕರಣಕ್ಕೆ ಒಂದು ಕೀಲಿಯಾಯಿತು. ಇಷ್ಟು ಸಣ್ಣ ಗುರುತಿನಿಂದ ಇಷ್ಟು ದೊಡ್ಡ ನಿರ್ಣಯವೇ ಎಂದು ನಮಗೆ ಅಚ್ಚರಿಯಾಗುವುದುಂಟು.

1899ರಲ್ಲಿ ಅವರು ಥ್ರಿಗ್ಮೋಪಿಯಸ್ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದರು. ಅದರ ಟ್ರುಕ್ಯುಲೆಂಟಸ್ ಎಂಬ ಪ್ರಭೇದ ನಮ್ಮ ಕಾರವಾರದ್ದು. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಉಗ್ರಸ್ವಭಾವದ್ದೆಂದು ಅರ್ಥ. ಕಾರವಾರ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಈ ಜೇಡದ ವರ್ಣನೆ ಅಚ್ಚಾದುದೂ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿಯೇ. ಅದೇ ವರ್ಷ ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಿಮ್ಮಿಗಳ ನಡುವೆ ಸಿಕ್ಕಿದ ಒಂದೇ ಒಂದು ಜೇಡಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. 1900ರಲ್ಲಿ ಭಾರತದ ಜೇಡ, ಚೇಳುಗಳ ಕುರಿತ ಅವರ ಗ್ರಂಥ ಹೊರಬಂದಿತು.

1904ರಲ್ಲಿ ಲಂಡನ್ ಮೃಗಾಲಯದ ಮೇಲ್ವಿಚಾರಕರಾದರು. 1911ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1923ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಸಂಗ್ರಹಾಲಯಕ್ಕೇ ಮರಳಿ ಸಸ್ತನಿಗಳ ಅಧ್ಯಯನದಲ್ಲಿ ತೊಡಗಿದರು. ಭಾರತದ ಸಸ್ತನಿಗಳ ಬಗೆಗಿನ ಎರಡು ಸಂಪುಟಗಳು 1939 ಮತ್ತು 1941ರಲ್ಲಿ, ಅವರ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಪ್ರಕಟವಾದವು. ಭಾರತ ಸ್ವತಂತ್ರವಾಗಲು ಆರು ದಿನಗಳಿದ್ದಾಗ, 1947ನೆಯ ಆಗಸ್ಟ್ 9ರಂದು, ಅವರು ತೀರಿಕೊಂಡರು.

ಗುತ್ತಿಯ ಆ ಜೇಡವಾದರೋ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ, ಗಿದ್ದಲೂರುಗಳ ನಡುವಣ ಕಾಡಿನ ಮರದ ಪೊಟರೆಗಳಲ್ಲಿ ಅದು ಪುನಃ ದೊರೆಯಿತು. ಮೈಬಣ್ಣ ಹೊಳೆಯುವ ನೀಲಿ. ಮೊದಲನೆಯದು ರೈಲಿನಲ್ಲಿ ಮರದೊಡನೆ ಗುತ್ತಿಗೆ ಬಂದಿರಬೇಕು. ಕಾರವಾರದ ಜೇಡವನ್ನು ನಮ್ಮ ದೇಶದ ಸಂಶೋಧಕರು 2009ರಲ್ಲಿ ಪುನಃ ವಿವರವಾಗಿ ವರ್ಣಿಸಿದರು. ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಅದಿಲ್ಲ. ಮಣ್ಣಿನ ದಿಣ್ಣೆಗಳಲ್ಲಿ ಬಿಲ ತೋಡಿ, ಒಳಗೆಲ್ಲ ರೇಷ್ಮೆಯ ಹಾಸು ನೇಯ್ದು ಅದು ವಾಸಿಸುತ್ತದೆ. ರಸ್ತೆಗಾಗಿ ದಿಣ್ಣೆ ಕಡಿದರೆ ಬಿಲವೂ ಹೋಗುತ್ತದೆ.