ದೀಪಧಾರಿಣಿ

ಊರೆಲ್ಲ ಮಲಗಿದ ಹೊತ್ತಿನಲ್ಲಿಯೂ ಆಸ್ಪತ್ರೆಗೆ ನಿದ್ರೆಯಿಲ್ಲ. ಹಗಲಿನಲ್ಲಿ ವೈದ್ಯರು ಓಡಾಡುತ್ತಿರುತ್ತಾರೆ. ಬಂಧುಗಳು ಬಂದು ಹೋಗುತ್ತಾರೆ. ನಾಲ್ಕು ಮಾತುಗಳ ನಡುವೆ ರೋಗಿಯ ನೋವು ತುಸು ಮರೆಯಾಗುತ್ತದೆ. ಕತ್ತಲು ಕವಿದ ಮೇಲೆ ಅವನಿಗೆ ಉಳಿಯುವುವು ನೋವು ಮತ್ತು ಭಯ, ಇವೆರಡೇ. ಆಗ ಅವನಿಗೆ ಆಸರೆಯಾಗುವವಳು ರಾತ್ರಿ ಪಾಳಿಯ ದಾದಿ. ಅವಳ ದೇಹ ನಿದ್ರೆಯನ್ನು ಬೇಡುತ್ತಿರುತ್ತದೆ. ಕಿವಿ ಮಾತ್ರ ಒಂದೊಂದು ನರಳಿಕೆಗೂ ಎಚ್ಚೆತ್ತಿರಬೇಕು. ಈ ಕಠಿಣವಾದ ಕಾಯಕಕ್ಕೆ ಲೋಕದಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯಳು.

ಫ್ಲಾರೆನ್ಸ್ ಹುಟ್ಟಿದುದು ೧೮೨೦ರ ಮೇ ೧೨ರಂದು, ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ. ಆ ಊರಿನ ಹೆಸರನ್ನೇ ಮಗುವಿಗೂ ಇಟ್ಟರು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತರು. ವಿದ್ಯಾವಂತನಾದ ತಂದೆ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ತಾನೇ ಕಲಿಸಿದನು. ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷವಾದ ಒಲವಿತ್ತು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಔತಣ, ವಿನೋದಗಳಲ್ಲಿ ಕಾಲ ಕಳೆಯುವ ಬಾಳು ಆಕೆಗೆ ರುಚಿಸಲಿಲ್ಲ. ರೋಗಿಗಳ ಸೇವೆಯೇ ತನ್ನ ಜೀವನದ ಗುರಿ ಎಂದು ಆಕೆ ನಿಶ್ಚಯಿಸಿಕೊಂಡಳು.

ಈ ನಿಶ್ಚಯವನ್ನು ಕೇಳಿ ಮನೆಯವರು ದಿಗ್ಭ್ರಮೆಗೊಂಡರು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಆ ಕಾಲದಲ್ಲಿ ದಾದಿಯ ಕೆಲಸಕ್ಕೆ ಶಿಕ್ಷಣವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ದಾದಿಯರು ವಾರ್ಡಿನ ಬಾಗಿಲಾಚೆ, ಮೆಟ್ಟಿಲುಗಳ ಬಳಿ ಕಟ್ಟಿದ್ದ ಮರದ ಗೂಡುಗಳಲ್ಲಿ ಮಲಗಬೇಕಾಗಿತ್ತು. ಇರುಳೆಲ್ಲ ದುಡಿದು ಬಂದವಳು ಹಗಲಿನ ಗದ್ದಲದಲ್ಲಿ ಅಲ್ಲಿ ಕಣ್ಣು ಮುಚ್ಚುವುದೂ ಸಾಧ್ಯವಿರಲಿಲ್ಲ. ಈ ಸಂಗತಿಯನ್ನು ಅರಿತ ಫ್ಲಾರೆನ್ಸ್ ಅದನ್ನು ಗುರುತು ಹಾಕಿಕೊಂಡಳು. ಹಲವು ವರ್ಷಗಳ ಹಟದ ಬಳಿಕ, ೧೮೫೧ರಲ್ಲಿ ಆಕೆಗೆ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಮೂರು ತಿಂಗಳ ಕಾಲ ಶುಶ್ರೂಷೆಯನ್ನು ಕಲಿಯುವ ಅವಕಾಶ ದೊರೆಯಿತು.

೧೮೫೩ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಆಕೆಯ ಪಾಲಿಗೆ ಬಂದಿತು. ಆಕೆ ಮೊದಲು ಕೇಳಿದ ಅನುಕೂಲಗಳನ್ನು ನೋಡಿದರೆ ಆಕೆಯ ಮನಸ್ಸಿನ ರೀತಿ ತಿಳಿಯುತ್ತದೆ. ಪ್ರತಿಯೊಂದು ಮಹಡಿಗೂ ಕೊಳವೆಯ ಮೂಲಕ ಬಿಸಿನೀರು ಬರಬೇಕು. ಅಡುಗೆಮನೆಯಿಂದ ಊಟವನ್ನು ಮೇಲಕ್ಕೇರಿಸಲು ಒಂದು ಯಂತ್ರವಿರಬೇಕು. ರೋಗಿ ಗಂಟೆ ಬಾರಿಸಿದರೆ ಬಾರಿಸಿದವರು ಯಾರೆಂಬುದು ದಾದಿಗೆ ಕೂಡಲೇ ಕಾಣುವಂತಿರಬೇಕು. ಇಂಥ ಏರ್ಪಾಡುಗಳಿಲ್ಲದಿದ್ದರೆ ದಾದಿಯ ಶಕ್ತಿಯೆಲ್ಲ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿಯೇ ವ್ಯಯವಾಗುತ್ತದೆ. ರೋಗಿಗೆ ಕೊಡಲು ಅವಳಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಆಕೆಯ ವಾದ.

ಮರುವರ್ಷವೇ ಆಕೆಯ ಜೀವನದ ಮಹಾಪರೀಕ್ಷೆ ಎದುರಾಯಿತು. ಕ್ರೈಮಿಯಾ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿಗಳು ರಷ್ಯದ ವಿರುದ್ಧ ಹೋರಾಡುತ್ತಿದ್ದುವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಇಂದಿನ ಇಸ್ತಾಂಬುಲ್ ನಗರಕ್ಕೆ ಸೇರಿದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ಅವರ ಪಾಡನ್ನು ಕೇಳುವವರಿಲ್ಲವೆಂಬ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಮಂತ್ರಿಯಾದ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ಫ್ಲಾರೆನ್ಸ್ ೩೮ ಮಂದಿ ದಾದಿಯರೊಡನೆ ಹೊರಟು, ೧೮೫೪ರ ನವೆಂಬರ್ ೪ರಂದು ಸ್ಕುಟಾರಿಯನ್ನು ತಲುಪಿದಳು.

ಅಲ್ಲಿ ಆಸ್ಪತ್ರೆಯೆಂದು ಕರೆಯಲಾಗುತ್ತಿದ್ದುದು ಒಂದು ಹಳೆಯ ಸೈನಿಕ ವಸತಿ. ಕೊಠಡಿಗಳು ಸಾಲದೆ ಉದ್ದನೆಯ ಮೊಗಸಾಲೆಗಳಲ್ಲಿಯೂ ಗಾಯಾಳುಗಳನ್ನು ಮಲಗಿಸಿದ್ದರು. ಹೇನು, ಇಲಿಗಳ ಕಾಟ ಹೇಳತೀರದು. ಬಟ್ಟೆ, ಪಾತ್ರೆ, ಸಾಬೂನು ಎಲ್ಲಕ್ಕೂ ಅಭಾವ. ವೈದ್ಯರಿಗೆ ಮೊದಲು ಈ ಹೆಂಗಸರ ನೆರವು ಬೇಕಾಗಿರಲಿಲ್ಲ. ಆದರೆ ಇಂಕರ್ಮನ್ ಯುದ್ಧದ ಗಾಯಾಳುಗಳು ಬಂದಿಳಿದಾಗ ಬೇರೆ ದಾರಿ ಕಾಣದೆ ಅವರು ಆಕೆಯನ್ನು ಕರೆದರು. ಆಕೆ ನೆಲ ಉಜ್ಜಿಸಿದಳು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಹಂಡೆಗಳನ್ನು ಹೂಡಿಸಿ, ಸೈನಿಕರ ಹೆಂಡಿರಿಂದ ಬಟ್ಟೆ ಒಗೆಸಿದಳು. ರೋಗಿಗಳಿಗೆ ಪಥ್ಯದ ಆಹಾರ ಸಿಗುವಂತೆ ಮಾಡಿದಳು.

ಹಗಲು ಹೀಗೆ ಕಳೆದರೆ ಇರುಳಿನ ಹೊರೆ ಬೇರೆಯೇ ಆಗಿತ್ತು. ರಾತ್ರಿ ಎಂಟು ಗಂಟೆಯ ಬಳಿಕ ತನ್ನ ದಾದಿಯರಾರೂ ವಾರ್ಡುಗಳಲ್ಲಿ ಇರಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದ್ದಳು. ಸೈನ್ಯದ ಆಸ್ಪತ್ರೆಯಲ್ಲಿ ಹೆಂಗಸರು ದುಡಿಯುವುದನ್ನು ಅನುಮಾನದಿಂದ ನೋಡುವವರು ಹಲವರಿದ್ದರು; ಒಂದು ಅಪವಾದದ ಮಾತು ಹುಟ್ಟಿದರೂ ಕೈಗೊಂಡ ಕಾರ್ಯವೇ ನಿಂತುಹೋಗುವ ಸಂಭವವಿತ್ತು. ಆದುದರಿಂದ ಇರುಳಿನ ಕೆಲಸ ಸೈನ್ಯದ ಪರಿಚಾರಕರದಾಯಿತು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಫ್ಲಾರೆನ್ಸ್ ತಾನೇ ಹೊತ್ತಳು. ಹಾಸಿಗೆಗಳ ಸಾಲನ್ನು ಒಂದಕ್ಕೊಂದು ಕೂಡಿಸಿದರೆ ಸುಮಾರು ೪ ಮೈಲಿಯಷ್ಟಿತ್ತಂತೆ. ಚಿತ್ರಗಳಲ್ಲಿ ಆಕೆಯ ಕೈಯಲ್ಲಿ ಎಣ್ಣೆಯ ದೀಪವನ್ನು ಕಾಣುತ್ತೇವೆ. ವಾಸ್ತವವಾಗಿ ಆಕೆ ಹಿಡಿಯುತ್ತಿದ್ದುದು ತುರ್ಕಿಯವರು ಬಳಸುವ ಮಡಿಸುವ ಕಂದೀಲು. ಒಳಗೊಂದು ಮೇಣದ ಬತ್ತಿ, ಸುತ್ತಲೂ ಗಾಳಿ ತಾಗದಂತೆ ಒಂದು ಮರೆ. ಆ ಮಂದ ಬೆಳಕಿನಲ್ಲಿ ಆಕೆ ಒಬ್ಬೊಬ್ಬರ ಬಳಿಯೂ ನಿಂತು ನೋಡುತ್ತಿದ್ದಳು. ಸಾವಿನ ಅಂಚಿನಲ್ಲಿದ್ದವನ ಬಳಿ ಕುಳಿತು ಕೊನೆಯವರೆಗೂ ಇರುತ್ತಿದ್ದಳು. ಕೋಣೆಗೆ ಹಿಂದಿರುಗಿದ ಮೇಲೂ ವಿಶ್ರಾಂತಿಯಿಲ್ಲ. ತೀರಿಕೊಂಡವರ ತಾಯಂದಿರಿಗೂ ಹೆಂಡಿರಿಗೂ ಪತ್ರ ಬರೆಯಬೇಕು, ಸರಂಜಾಮುಗಳ ಲೆಕ್ಕವಿಡಬೇಕು, ಸರಕಾರಕ್ಕೆ ವರದಿ ಕಳುಹಿಸಬೇಕು. ಇಂಥ ದುಡಿಮೆಯ ನಡುವೆ, ೧೮೫೫ರ ಮೇ ತಿಂಗಳಲ್ಲಿ ಕ್ರೈಮಿಯಾಕ್ಕೆ ಹೋಗಿದ್ದಾಗ ಆಕೆಯೇ ತೀವ್ರವಾದ ಜ್ವರಕ್ಕೆ ಗುರಿಯಾಗಿ ಸಾವಿನ ಬಾಗಿಲನ್ನು ಮುಟ್ಟಿ ಬಂದಳು.

ಇಷ್ಟು ಎಚ್ಚರವಿದ್ದರೂ ಮೊದಲ ಚಳಿಗಾಲದಲ್ಲಿ ಸೈನಿಕರು ಸಾಯುತ್ತಲೇ ಇದ್ದರು. ೧೮೫೫ರ ಫೆಬ್ರವರಿಯಲ್ಲಿ ಅಲ್ಲಿನ ಮರಣದ ಪ್ರಮಾಣ ನೂರಕ್ಕೆ ೪೨ರಷ್ಟಕ್ಕೆ ಏರಿತು. ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಸಿದರು. ಗಾಳಿಯಾಡಲು ದಾರಿ ಮಾಡಿದರು. ಆಸ್ಪತ್ರೆಗೆ ನೀರು ತರುವ ಕಾಲುವೆಯಲ್ಲಿ ಸತ್ತು ಬಿದ್ದಿದ್ದ ಕುದುರೆಯನ್ನು ತೆಗೆಸಿದರು. ಕೆಲವೇ ತಿಂಗಳಲ್ಲಿ ಆ ಪ್ರಮಾಣ ನೂರಕ್ಕೆ ೨ರಷ್ಟಕ್ಕೆ ಇಳಿಯಿತು.

೧೮೫೬ರಲ್ಲಿ ಸ್ವದೇಶಕ್ಕೆ ಮರಳುವ ಹೊತ್ತಿಗೆ ಆಕೆ ಜನರ ಕಣ್ಮಣಿಯಾಗಿದ್ದಳು. ಆದರೆ ಆಕೆ ಮೆರವಣಿಗೆ, ಸನ್ಮಾನಗಳನ್ನೆಲ್ಲ ತಪ್ಪಿಸಿಕೊಂಡು, ಸುಳ್ಳು ಹೆಸರಿನಿಂದ ಪ್ರಯಾಣ ಮಾಡಿ, ಸದ್ದಿಲ್ಲದೆ ಮನೆ ಸೇರಿದಳು. ಅನಂತರ ಸಂಖ್ಯಾಶಾಸ್ತ್ರಜ್ಞನಾದ ವಿಲಿಯಂ ಫಾರ್‌ನೊಡನೆ ಕುಳಿತು ಸತ್ತವರ ಲೆಕ್ಕವನ್ನು ಪರಿಶೀಲಿಸಿದಾಗ ಒಂದು ಕಟುಸತ್ಯ ಗೋಚರಿಸಿತು. ಸೈನಿಕರಲ್ಲಿ ಬಹುಪಾಲು ಜನ ಸತ್ತುದು ಗಾಯಗಳಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ. ತಾನು ದೀಪ ಹಿಡಿದು ನಡೆದ ನೆಲದ ಕೆಳಗೇ ಸಾವು ಹರಿಯುತ್ತಿತ್ತು. ಕರುಣೆಯೊಂದೇ ಜೀವವನ್ನು ಉಳಿಸಲಾರದೆಂಬ ಈ ಅರಿವು ಆಕೆಯನ್ನು ಗಾಢವಾಗಿ ನೋಯಿಸಿತು. ಆ ನೋವೇ ಮುಂದಿನ ಕಾರ್ಯಕ್ಕೆ ಪ್ರೇರಣೆಯಾಯಿತು. ಆಕೆ ಅಂಕಿಗಳನ್ನು ಬಣ್ಣದ ಚಿತ್ರಗಳಾಗಿ ರೂಪಿಸಿ ಅಧಿಕಾರಿಗಳ ಕಣ್ಣು ತೆರೆಸಿದಳು. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿಯಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ಆರಂಭವಾಯಿತು. ಅಲ್ಲಿ ಕಲಿಯಲು ಬಂದ ಒಬ್ಬೊಬ್ಬಳಿಗೂ ಪ್ರತ್ಯೇಕವಾದ ಕೋಣೆಯಿತ್ತು. ಮರದ ಗೂಡುಗಳ ಕಾಲ ಹಿಂದಾಯಿತು. ರಾತ್ರಿ ದುಡಿದವಳಿಗೆ ಹಗಲಿನಲ್ಲಿ ನಿಶ್ಶಬ್ದವಾದ ಮಲಗುವ ಎಡೆ ಬೇಕು. ದಾದಿ ನಿಂತಲ್ಲಿಂದಲೇ ಎಲ್ಲ ಹಾಸಿಗೆಗಳೂ ಕಾಣುವಂತೆ ವಾರ್ಡನ್ನು ಕಟ್ಟಬೇಕು. ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ತಪ್ಪದೆ ನಡೆಯುವಂತೆ ಏರ್ಪಡಿಸುವವಳೇ ನಿಜವಾದ ಮೇಲ್ವಿಚಾರಕಿ ಎಂದು ಆಕೆ ಸಾರಿದಳು. ರೋಗಿಯನ್ನು ಮೊದಲ ನಿದ್ರೆಯಿಂದ ಎಬ್ಬಿಸಬಾರದು, ಅವನ ಬಳಿ ಪಿಸುಮಾತನಾಡಬಾರದು ಎಂಬಂಥ ಸೂಕ್ಷ್ಮಗಳನ್ನೂ ಶುಶ್ರೂಷೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಬರೆದಳು.

ಯುದ್ಧಕಾಲದಲ್ಲಿ ಕುಗ್ಗಿದ ಆರೋಗ್ಯ ಆಕೆಗೆ ಪೂರ್ಣವಾಗಿ ಮರಳಲಿಲ್ಲ. ಹಲವು ವರ್ಷಗಳನ್ನು ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ಆದರೂ ಲೇಖನಿ ನಿಲ್ಲಲಿಲ್ಲ. ಆಕೆ ಭಾರತಕ್ಕೆ ಒಮ್ಮೆಯೂ ಬಂದವಳಲ್ಲ. ಆದರೆ ಇಲ್ಲಿನ ಸೈನಿಕ ಠಾಣೆಗಳಿಂದ ಬಂದ ವರದಿಗಳನ್ನೆಲ್ಲ ಓದಿ, ೧೮೬೩ರ ಹೊತ್ತಿಗೆ ಈ ದೇಶದ ನೀರು, ಚರಂಡಿ, ವಸತಿಗಳ ವಿಷಯವಾಗಿ ಖಂಡತುಂಡವಾದ ಅಭಿಪ್ರಾಯಗಳನ್ನು ಬರೆದಳು. ಪೇಟೆಯ ಕೊಳೆಯೆಲ್ಲ ಹರಿದು ಸೇರುತ್ತಿದ್ದ ಬೆಂಗಳೂರಿನ ಹಲಸೂರು ಕೆರೆಯ ನೀರನ್ನೇ ಜನ ಕುಡಿಯುತ್ತಿದ್ದ ಸಂಗತಿಯೂ ಆಕೆಯ ದೃಷ್ಟಿಯಿಂದ ತಪ್ಪಿಹೋಗಲಿಲ್ಲ.

೧೯೦೭ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಎಂಬ ಉನ್ನತ ಗೌರವ ಆಕೆಗೆ ಸಂದಿತು. ಆ ಗೌರವವನ್ನು ಪಡೆದ ಮೊದಲ ಮಹಿಳೆ ಆಕೆಯೇ. ಅಷ್ಟರಲ್ಲಿ ಕಣ್ಣಿನ ಬೆಳಕು ನಂದಿಹೋಗಿತ್ತು. ೧೯೧೦ರ ಆಗಸ್ಟ್ ೧೩ರಂದು ತನ್ನ ೯೦ನೆಯ ವಯಸ್ಸಿನಲ್ಲಿ ಆಕೆ ಇಹಲೋಕವನ್ನು ತ್ಯಜಿಸಿದಳು. ಆಕೆಯ ಜನ್ಮದಿನವಾದ ಮೇ ೧೨ನ್ನು ಲೋಕವೆಲ್ಲ ದಾದಿಯರ ದಿನವಾಗಿ ಆಚರಿಸುತ್ತದೆ. ಭಾರತ ಸರಕಾರವೂ ೧೯೭೩ರಲ್ಲಿ ಆಕೆಯ ಹೆಸರಿನ ರಾಷ್ಟ್ರಪ್ರಶಸ್ತಿಯನ್ನು ಸ್ಥಾಪಿಸಿ, ಉತ್ತಮ ದಾದಿಯರನ್ನು ಗೌರವಿಸುವ ಪದ್ಧತಿಯನ್ನು ಆರಂಭಿಸಿತು.

ಫ್ಲಾರೆನ್ಸ್ ಎಂದೊಡನೆ ಜನ ದೀಪವನ್ನು ನೆನೆಯುತ್ತಾರೆ. ದೀಪದಷ್ಟೇ ನೆನೆಯತಕ್ಕವು ಆಕೆ ಕೇಳಿ ಹಾಕಿಸಿದ ಗಂಟೆ, ತೊಳೆಸಿದ ನೆಲ, ದಣಿದ ದಾದಿಗೆಂದು ಕೇಳಿದ ಶಾಂತವಾದ ಕೋಣೆ. ಇಂದಿಗೂ ಸಾವಿರಾರು ಆಸ್ಪತ್ರೆಗಳಲ್ಲಿ ಇರುಳೆಲ್ಲ ಎಚ್ಚರವಿದ್ದು ನಮ್ಮವರನ್ನು ಕಾಯುವವರಿದ್ದಾರೆ. ಅವರ ದೀಪಕ್ಕೆ ಕೈಮುಗಿಯುವವರು, ಆ ದೀಪವನ್ನು ಹಿಡಿದ ಕೈಯ ದಣಿವನ್ನೂ ಅರಿಯಬೇಕು.