ಇಪ್ಪತ್ತು ವರ್ಷ ಎಂದಿದ್ದರು ಭಾಭಾ

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ವಿದ್ಯಾರ್ಥಿ. ನಮ್ಮ ಕ್ಲಾಸಿನಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪ್ಲೇಸ್‌ಮೆಂಟ್. ಯಾವ ಕಂಪನಿ ಬರುತ್ತದೆ, ಎಷ್ಟು ಪ್ಯಾಕೇಜ್ ಕೊಡುತ್ತದೆ, ಬ್ಯಾಕ್‌ಲಾಗ್ ಇದ್ದವರನ್ನು ಕೂರಿಸುತ್ತಾರೋ ಇಲ್ಲವೋ ಎಂಬುದೇ ಚರ್ಚೆ. ಇಂಥ ಹೊತ್ತಿನಲ್ಲಿ ನಾನು ಸೆಮಿನಾರ್‌ಗೆ ಫ್ಯೂಷನ್ ವಿದ್ಯುತ್ ಎಂಬ ವಿಷಯ ಆರಿಸಿಕೊಂಡಾಗ ಗೆಳೆಯರು ನಕ್ಕರು. ಯಾವಾಗ ಕೇಳಿದರೂ ಇನ್ನೂ ಮೂವತ್ತು ವರ್ಷ ದೂರವೇ ಇರುವ ತಂತ್ರಜ್ಞಾನ ಅದು ಎಂಬ ಹಳೆಯ ಜೋಕು ಹೇಳಿದರು. ಮನೆಯಲ್ಲಿ ಅಪ್ಪ ಕೇಳಿದ್ದು ಇನ್ನೂ ನೇರ. ಅದನ್ನು ಓದಿದರೆ ಕೆಲಸ ಸಿಗುತ್ತದಾ ಎಂದರು.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಹೋಮಿ ಜಹಾಂಗೀರ್ ಭಾಭಾ. ನಮಗೆಲ್ಲ ಅವರು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ: ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಯಾರು? ಆದರೆ ಅವರೂ ಒಂದು ಕಾಲದಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿದ್ದರು, ಅವರ ಅಪ್ಪನಿಗೂ ಮಗನ ಕೆಲಸದ ಚಿಂತೆಯಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಫ್ಯೂಷನ್ ವಿದ್ಯುತ್ ಎರಡು ದಶಕದೊಳಗೆ ಕೈಗೆ ಸಿಗುತ್ತದೆ ಎಂದು ಜಗತ್ತಿನ ಮುಂದೆ ನಿಂತು ಹೇಳಿದವರೂ ಅವರೇ. ಆ ಮಾತು ಸುಳ್ಳಾಯಿತು. ಆದರೂ ಅವರ ಬದುಕಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯ ಪಾರ್ಸಿ ಕುಟುಂಬದಲ್ಲಿ. ಆ ಕುಟುಂಬಕ್ಕೆ ನಮ್ಮ ನಾಡಿನ ನಂಟಿತ್ತು. ಅಜ್ಜ ಹೊರ್ಮುಸ್ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡ್‌ನಲ್ಲಿ ಓದಿ ವಕೀಲರಾದವರು. ಸೋದರತ್ತೆ ಮೆಹರ್‌ಬಾಯಿ ಮದುವೆಯಾಗಿದ್ದು ಜೆಮ್‌ಶೆಟ್‌ಜಿ ಟಾಟಾ ಅವರ ಮಗ ದೊರಾಬ್ಜಿ ಟಾಟಾ ಅವರನ್ನು. ಹೀಗಾಗಿ ಹುಡುಗನ ದಾರಿಯನ್ನು ದೊಡ್ಡವರು ಮೊದಲೇ ಗೊತ್ತುಮಾಡಿದ್ದರು. ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುವುದು, ವಾಪಸ್ ಬಂದು ಜೆಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರುವುದು.

1927ರಲ್ಲಿ ಭಾಭಾ ಕೇಂಬ್ರಿಡ್ಜ್‌ಗೆ ಹೋಗಿ ಮೆಕ್ಯಾನಿಕಲ್ ವಿಭಾಗ ಸೇರಿದರು. ಆಗ ಅಲ್ಲಿ ಭೌತವಿಜ್ಞಾನದಲ್ಲಿ ದಿನಕ್ಕೊಂದು ಹೊಸ ಸುದ್ದಿ. ಹುಡುಗನ ಮನಸ್ಸು ಆ ಕಡೆ ಎಳೆಯಿತು. ಮರುವರ್ಷ ಅಪ್ಪನಿಗೆ ಪತ್ರ ಬರೆದು, ತನಗೆ ಎಂಜಿನಿಯರ್ ಆಗುವ ಆಸೆಯಿಲ್ಲ, ಭೌತವಿಜ್ಞಾನವೇ ಬೇಕು ಎಂದು ಸ್ಪಷ್ಟವಾಗಿ ತಿಳಿಸಿದರು. ಅಪ್ಪ ಬೈಯಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ಒಂದು ಷರತ್ತು ಹಾಕಿದರು. ಮೊದಲು ಮೆಕ್ಯಾನಿಕಲ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರಲಿ, ಆಮೇಲೆ ನಿನ್ನಿಷ್ಟದ ಓದಿಗೆ ಹಣ ಕೊಡುತ್ತೇನೆ ಎಂದರು. 1930ರಲ್ಲಿ ಪ್ರಥಮ ದರ್ಜೆ ಬಂತು. ಎರಡು ವರ್ಷದ ನಂತರ ಗಣಿತದಲ್ಲೂ ಪ್ರಥಮ ದರ್ಜೆ ಬಂತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪರಸ್ಪರ ಚದುರುವ ಬಗೆಯನ್ನು ಅವರು ಲೆಕ್ಕ ಹಾಕಿ ತೋರಿಸಿದ್ದನ್ನು ಇಂದಿಗೂ ಭಾಭಾ ಚದುರುವಿಕೆ ಎಂದೇ ಕರೆಯುತ್ತಾರೆ. 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಕಣಗಳ ಮಳೆಯಾಗುವುದು ಹೇಗೆಂದು ವಿವರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಡ್ಜ್‌ಗೆ ಮರಳುವ ದಾರಿ ಮುಚ್ಚಿತು. ಆಗ ಅವರಿಗೆ ಜಾಗ ಕೊಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವೆಲ್ಲ ಹೇಳುವ ಟಾಟಾ ಇನ್‌ಸ್ಟಿಟ್ಯೂಟ್. ಜೆಮ್‌ಶೆಟ್‌ಜಿ ಟಾಟಾ ಅವರ ಕನಸಾಗಿದ್ದ ಈ ಸಂಸ್ಥೆಗೆ 371 ಎಕರೆ ಜಮೀನು ಕೊಟ್ಟಿದ್ದು ಮೈಸೂರು ಸಂಸ್ಥಾನ. ಅಲ್ಲಿ ಮುಂದೆ ಏನು ಸಂಶೋಧನೆ ನಡೆಯುತ್ತದೆ, ಅದರಿಂದ ಎಷ್ಟು ಆದಾಯ ಬರುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಸಂಸ್ಥೆ ಸ್ಥಾಪನೆಯಾಗಿದ್ದು 1909ರಲ್ಲಿ, ಭಾಭಾ ಹುಟ್ಟಿದ ವರ್ಷ. ಮೂವತ್ತು ವರ್ಷ ಕಳೆದು, ಯುದ್ಧದಿಂದ ದಾರಿ ತಪ್ಪಿದ ಒಬ್ಬ ಯುವ ವಿಜ್ಞಾನಿಗೆ ಅದು ಆಸರೆಯಾಯಿತು.

ಸಿ.ವಿ. ರಾಮನ್ ಅವರಿದ್ದ ಭೌತವಿಜ್ಞಾನ ವಿಭಾಗದಲ್ಲಿ ಭಾಭಾ ರೀಡರ್ ಆದರು, ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಕಟ್ಟಿದರು. ಯುದ್ಧಕ್ಕೆಂದು ಬೆಂಗಳೂರಿಗೆ ಬರುತ್ತಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಉಪಕರಣ ಇಟ್ಟು ಕಳಿಸಿ, ಎತ್ತರದ ಆಕಾಶದಲ್ಲಿ ಕಿರಣಗಳನ್ನು ಅಳೆಯಿಸಿದರು. ಗುಜರಾತಿನಿಂದ ಬಂದ ವಿಕ್ರಂ ಸಾರಾಭಾಯ್ ಎಂಬ ಯುವಕನೂ ಆಗ ಅಲ್ಲೇ ಸಂಶೋಧನೆ ಮಾಡುತ್ತಿದ್ದ. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಯುದ್ಧ ಮುಗಿದ ಮೇಲೆ ಭಾಭಾ ಇಂಗ್ಲೆಂಡಿಗೆ ಹೋಗಬಹುದಿತ್ತು. 31ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಫೆಲೋ ಆಗಿದ್ದವರಿಗೆ ಅಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಬೆಂಗಳೂರಿನ ದಿನಗಳಲ್ಲಿ ಅವರ ಮನಸ್ಸು ಬದಲಾಗಿತ್ತು. 1944ರ ಮಾರ್ಚ್‌ನಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದು, ಮೂಲ ವಿಜ್ಞಾನಕ್ಕೊಂದು ಸಂಸ್ಥೆ ಬೇಕೆಂದು ಕೇಳಿದರು. ಮುಂದೊಂದು ದಿನ ದೇಶದಲ್ಲಿ ಅಣುವಿದ್ಯುತ್ ಬಂದಾಗ ತಜ್ಞರಿಗಾಗಿ ಹೊರದೇಶದ ಕಡೆ ನೋಡುವಂತಾಗಬಾರದು ಎಂಬುದು ಅವರ ವಾದ. ಗಮನಿಸಿ, ಆಗಿನ್ನೂ ಹಿರೋಶಿಮಾ ಬಾಂಬ್ ಬಿದ್ದಿರಲಿಲ್ಲ. ಭಾರತಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ.

1945ರ ಜೂನ್‌ನಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಟಾಟಾ ಮೂಲ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್ ಶುರುವಾಯಿತು. ಡಿಸೆಂಬರ್‌ನಲ್ಲಿ ಮುಂಬೈಗೆ, ಪೆಡ್ಡರ್ ರಸ್ತೆಯ ಬಂಗಲೆಯೊಂದರ ಅರ್ಧ ಭಾಗಕ್ಕೆ ಹೋಯಿತು. ಮೊದಲ ವರ್ಷದ ಬಜೆಟ್ ಕೇವಲ 80,000 ರೂಪಾಯಿ. ಅದರಲ್ಲಿ ಟ್ರಸ್ಟ್‌ನದು 45,000, ಭಾರತ ಸರ್ಕಾರದ್ದು 10,000. ಉಳಿದ 25,000 ರೂಪಾಯಿ ಕೊಟ್ಟಿದ್ದು ಅಂದಿನ ಮುಂಬೈ ಪ್ರಾಂತ್ಯದ ಸರ್ಕಾರ. ನನ್ನನ್ನು ನಿಲ್ಲಿಸಿದ್ದು ಈ ಲೆಕ್ಕ. ಅಣುವಿಜ್ಞಾನವೆಂದರೆ ದಿಲ್ಲಿಯ ವ್ಯವಹಾರ ಎಂದುಕೊಂಡಿದ್ದೆ. ಮೊದಲ ವರ್ಷ ದಿಲ್ಲಿಗಿಂತ ಎರಡೂವರೆ ಪಟ್ಟು ಹೆಚ್ಚು ಕೊಟ್ಟಿದ್ದು ಒಂದು ಪ್ರಾಂತ್ಯ.

ಸ್ವಾತಂತ್ರ್ಯ ಬಂದ ಮೇಲೆ ಕೆಲಸ ಬೆಳೆಯಿತು. 1948ರ ಆಗಸ್ಟ್‌ನಲ್ಲಿ ಅಣುಶಕ್ತಿ ಆಯೋಗ ರಚನೆಯಾಗಿ ಭಾಭಾ ಅಧ್ಯಕ್ಷರಾದರು. 1954ರಲ್ಲಿ ಅಣುಶಕ್ತಿ ಇಲಾಖೆ ಬಂತು. ಪ್ರಧಾನಿ ನೆಹರು ಅವರ ಬೆಂಬಲ ಇತ್ತು. 1955ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದಾಗ, ಅಧ್ಯಕ್ಷ ಪೀಠದಲ್ಲಿ ಕೂತವರು 45 ವರ್ಷದ ಭಾಭಾ.

ಆ ಭಾಷಣದಲ್ಲೇ ಅವರು ಫ್ಯೂಷನ್ ಮಾತು ತೆಗೆದಿದ್ದು. ಇಂದಿನ ಅಣುಸ್ಥಾವರಗಳು ನಡೆಯುವುದು ವಿದಳನದಿಂದ, ಅಂದರೆ ಯುರೇನಿಯಂನಂಥ ಭಾರವಾದ ಪರಮಾಣು ಬೀಜ ಒಡೆಯುವುದರಿಂದ. ಫ್ಯೂಷನ್ ಇದರ ತದ್ವಿರುದ್ಧ. ಜಲಜನಕದಂಥ ಹಗುರ ಬೀಜಗಳು ಒಂದಾಗಿ ಶಕ್ತಿ ಹೊರಬರುತ್ತದೆ. ಸೂರ್ಯ ಉರಿಯುವುದು ಹೀಗೆ. ಇದಕ್ಕೆ ಬೇಕಾದ ಡ್ಯೂಟೀರಿಯಂ ಎಂಬ ಭಾರ ಜಲಜನಕ ಸಮುದ್ರದ ನೀರಿನಲ್ಲೇ ಇದೆ. ಇನ್ನೆರಡು ದಶಕದಲ್ಲಿ ಇದನ್ನು ಹತೋಟಿಯಲ್ಲಿ ನಡೆಸುವ ವಿಧಾನ ಸಿಗುತ್ತದೆ, ಆಮೇಲೆ ಜಗತ್ತಿಗೆ ಇಂಧನದ ಚಿಂತೆಯೇ ಇರುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಸಭೆ ಬೆರಗಾಯಿತು. ಏಕೆಂದರೆ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮೂರೂ ಆಗ ಗುಟ್ಟಾಗಿ ಇದೇ ಸಂಶೋಧನೆ ನಡೆಸುತ್ತಿದ್ದವು. ಭಾಭಾ ಬಾಯಿ ತೆರೆದ ಮೇಲೆ ಅಮೆರಿಕ, ಬ್ರಿಟನ್‌ಗಳು ಅಂಥ ಕೆಲಸ ನಡೆದಿರುವುದನ್ನು ಒಪ್ಪಿಕೊಳ್ಳಬೇಕಾಯಿತು. 1958ರ ಎರಡನೇ ಜಿನೀವಾ ಸಮ್ಮೇಳನದ ಹೊತ್ತಿಗೆ ಗುಟ್ಟಿನ ತೆರೆ ಸರಿದು, ಯಂತ್ರಗಳನ್ನೇ ತಂದು ಪ್ರದರ್ಶನಕ್ಕಿಟ್ಟರು.

ಆದರೆ ಎರಡು ದಶಕ ಕಳೆದರೂ ವಿದ್ಯುತ್ ಬರಲಿಲ್ಲ. ಕಾರಣ ಸರಳ, ಪರಿಹಾರ ಕಷ್ಟ. ಎರಡು ಬೀಜಗಳೂ ಧನ ವಿದ್ಯುದಂಶದವು, ಹತ್ತಿರ ಬಂದರೆ ತಳ್ಳಾಡುತ್ತವೆ. ಅವು ಸೇರಬೇಕಾದರೆ ಹತ್ತು ಕೋಟಿ ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿಯ ಪ್ಲಾಸ್ಮಾ ಇಡಲು ಪಾತ್ರೆಯಿಲ್ಲ, ಕಾಂತಕ್ಷೇತ್ರದಲ್ಲಿ ತೇಲಿಸಿ ಹಿಡಿಯಬೇಕು. ಅದೋ, ಕೈಯಲ್ಲಿ ಹಿಡಿದ ನೀರಿನಂತೆ ಜಾರುತ್ತದೆ. 1958ರಲ್ಲಿ ಬ್ರಿಟನ್ ತನ್ನ ಜೀಟಾ ಯಂತ್ರದಲ್ಲಿ ಯಶಸ್ಸು ಸಿಕ್ಕಿತೆಂದು ಘೋಷಿಸಿ, ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು.

ಭಾಭಾ ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಇಲ್ಲಿದೆ. ಫ್ಯೂಷನ್ ಕನಸು ಕಂಡರೂ ಇಲಾಖೆಯ ಹಣವನ್ನೆಲ್ಲ ಅದಕ್ಕೆ ಸುರಿಯಲಿಲ್ಲ. ಕೈಗೆಟಕುವ ವಿದಳನದ ಕೆಲಸ ಮೊದಲು ಹಿಡಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಮರುವರ್ಷ ಅಲ್ಲೇ ತರಬೇತಿ ಶಾಲೆ ತೆರೆದು, ಆಗಷ್ಟೇ ಪದವಿ ಮುಗಿಸಿದ ವಿಜ್ಞಾನ, ಎಂಜಿನಿಯರಿಂಗ್ ಹುಡುಗರನ್ನು ಆರಿಸಿ ತಯಾರು ಮಾಡಿದರು. ಆ ಶಾಲೆ ಇವತ್ತಿಗೂ ನಮ್ಮಂಥ ಬಿಇ ಪದವೀಧರರನ್ನು ತೆಗೆದುಕೊಳ್ಳುತ್ತದೆ. ಕಟ್ಟಡಕ್ಕಿಂತ ಜನ ಮುಖ್ಯ ಎಂದು ಅವರಿಗೆ ಗೊತ್ತಿತ್ತು.

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯೂ ಸತ್ತರು. ಭಾಭಾಗೆ ಆಗ 56 ವರ್ಷ. ತಾವು ಹೇಳಿದ ಎರಡು ದಶಕದ ಗಡುವು ಮುಗಿಯುವುದನ್ನು ಅವರು ನೋಡಲಿಲ್ಲ.

ಅವರ ನಂತರ ಆಯೋಗದ ಅಧ್ಯಕ್ಷರಾದವರು ಬೆಂಗಳೂರಿನ ದಿನಗಳ ಆ ಗೆಳೆಯ, ವಿಕ್ರಂ ಸಾರಾಭಾಯ್. ಸಾರಾಭಾಯ್ 1947ರಲ್ಲಿ ಅಹಮದಾಬಾದ್‌ನಲ್ಲಿ ಕಟ್ಟಿದ್ದ ಭೌತ ಸಂಶೋಧನಾ ಪ್ರಯೋಗಾಲಯದ ಪಾಲುದಾರರಲ್ಲಿ ಗುಜರಾತ್ ಸರ್ಕಾರವೂ ಒಂದು. ಭಾರತದ ಫ್ಯೂಷನ್ ಸಂಶೋಧನೆ ಮೊಳೆತಿದ್ದು ಅಲ್ಲೇ. ಪ್ರೆಡಿಮನ್ ಕಾವ್ ಅವರ ಮುಂದಾಳತ್ವದಲ್ಲಿ ಅಲ್ಲಿ ಬೆಳೆದ ಪ್ಲಾಸ್ಮಾ ತಂಡ 1986ರಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಯಿತು. 1989ರಲ್ಲಿ ಆದಿತ್ಯ ಎಂಬ ಟೋಕಾಮಾಕ್ ಯಂತ್ರ ಕೆಲಸ ಶುರುಮಾಡಿತು. ದಕ್ಷಿಣ ಫ್ರಾನ್ಸ್‌ನಲ್ಲಿ ಏಳು ಪಾಲುದಾರರು ಸೇರಿ ಕಟ್ಟುತ್ತಿರುವ ಈಟರ್ ಯೋಜನೆಗೆ ಭಾರತ ಸೇರಿದ್ದು 2005ರಲ್ಲಿ. ಆ ಯಂತ್ರವನ್ನು ಸುತ್ತುವರಿಯುವ ಸುಮಾರು 3,850 ಟನ್ ತೂಕದ ಉಕ್ಕಿನ ಕ್ರಯೋಸ್ಟಾಟ್‌ನ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಅದು ನಮ್ಮಂಥ ಮೆಕ್ಯಾನಿಕಲ್‌ನವರ ಕೆಲಸವೇ.

ಸರ್ಕಾರ ಇಷ್ಟು ದೂರದ ಕನಸಿಗೆ ಹಣ ಕೊಡಬೇಕೇ? ರಸ್ತೆಯಿಲ್ಲದ ಊರಿರುವಾಗ ಈ ಪ್ರಶ್ನೆ ತಪ್ಪಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಯೋಗಾಲಯವೊಂದು 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಮೆಗಾಜೂಲ್ ಪಡೆಯಿತು. ಆದರೆ ಆ ಲೇಸರ್ ಹಚ್ಚಲು ಸುಮಾರು 300 ಮೆಗಾಜೂಲ್ ವಿದ್ಯುತ್ ಬೇಕಾಯಿತು. ಮನೆಗೆ ಕರೆಂಟ್ ಬರುವುದು ಇನ್ನೂ ದೂರವೇ. ಆದರೆ ಯಾವ ಖಾಸಗಿ ಕಂಪನಿಯೂ ಎಪ್ಪತ್ತು ವರ್ಷ ಒಬ್ಬಂಟಿಯಾಗಿ ಕಾಯುವುದಿಲ್ಲ. ಕಾಯುವ ತಾಳ್ಮೆ ಇರಬೇಕಾದ್ದು ಜನರ ದುಡ್ಡಿಗೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿರುವ ವೆಂಡೆಲ್‌ಸ್ಟೈನ್ ಎಂಬ ದೊಡ್ಡ ಫ್ಯೂಷನ್ ಯಂತ್ರಕ್ಕೆ ಒಕ್ಕೂಟ ಸರ್ಕಾರದ ಜೊತೆ ಅಲ್ಲಿನ ರಾಜ್ಯ ಸರ್ಕಾರವೂ ಸುಮಾರು ಹತ್ತನೇ ಒಂದು ಪಾಲು ಕೊಟ್ಟಿದೆ. ನಮ್ಮ ರಾಜ್ಯವೂ ರಿಯಾಕ್ಟರ್ ಕಟ್ಟಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಿರ್ವಾತ ತಂತ್ರಜ್ಞಾನ, ಅತಿಶೀತ ತಂತ್ರಜ್ಞಾನ, ಬಲವಾದ ಅಯಸ್ಕಾಂತಗಳ ಬಗ್ಗೆ ಒಂದೆರಡು ಪ್ರಯೋಗಾಲಯ, ವರ್ಷಕ್ಕೆ ಹತ್ತಾರು ಫೆಲೋಶಿಪ್ ಕೊಟ್ಟರೂ ಸಾಕು. 371 ಎಕರೆ ಕೊಟ್ಟ ನಾಡು ಇದು. 25,000 ರೂಪಾಯಿಯಿಂದ ಏನಾಯಿತು ಎಂಬುದೂ ನಮ್ಮ ಕಣ್ಣ ಮುಂದೆಯೇ ಇದೆ.

ಭಾಭಾ ಹೇಳಿದ ವರ್ಷಗಳ ಲೆಕ್ಕ ತಪ್ಪಿತು. ಅವರು ಕಟ್ಟಿದ ಸಂಸ್ಥೆ, ತಯಾರು ಮಾಡಿದ ಜನ ಉಳಿದರು. ಇಪ್ಪತ್ತು ವರ್ಷದಲ್ಲಿ ಆಗದ್ದು ಎಂದಾದರೂ ಆದರೆ, ಅದು ಇಂಥ ಜನರಿಂದಲೇ ಆಗುತ್ತದೆ.

ನಾನೂ ಅಪ್ಪನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಕ್ಯಾಂಪಸ್ ಸಂದರ್ಶನಗಳಿಗೆ ತಪ್ಪದೆ ಕೂರುತ್ತೇನೆ. ಜೊತೆಗೆ ಗೇಟ್ ಪರೀಕ್ಷೆ ಬರೆಯುತ್ತೇನೆ, ಒಳ್ಳೆಯ ಅಂಕ ಬಂದರೆ ಸಂಶೋಧನೆಯ ಕಡೆ ಹೋಗಲು ಬಿಡಬೇಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಈ ಸೆಮಿಸ್ಟರ್ ಪಾಸಾಗು ನೋಡೋಣ ಎಂದಿದ್ದಾರೆ. ಭಾಭಾ ಅವರ ಅಪ್ಪನೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ ಹೇಳಿದ್ದು?